ಬಳ್ಳಾರಿ ಸೀಮೆಯಲ್ಲಿ ಅಕ್ಷರಾರಂಭದ ವಯಸ್ಸು

ತುಂಗಭದ್ರೆಯ ಬಲದಂಡೆಯಲ್ಲಿ, ಸಿರುಗುಪ್ಪಕ್ಕೆ ಸಮೀಪವಿರುವ ಕೆಂಚನಗುಡ್ಡವು ನದಿಯ ಆಶ್ರಯದಲ್ಲಿ ಭತ್ತ ಬೆಳೆಯುವ ಸೀಮೆಗೆ ಸೇರಿದ ಗ್ರಾಮ. ಮಂತ್ರಾಲಯದ ಪೀಠಪರಂಪರೆಯ ಶ್ರೀ ವಸುಧೇಂದ್ರತೀರ್ಥರ ಬೃಂದಾವನವಿರುವ ಕಾರಣ ಅದರ ಹೆಸರು ದೂರದ ಯಾತ್ರಿಕರಿಗೂ ಪರಿಚಿತವಾಗಿದೆ. ೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಈ ದಂಡೆ ಮದರಾಸು ಸರಕಾರಕ್ಕೆ ಸೇರಿತು. ಆಚೆಯ ದಂಡೆ ೧೯೪೮ರವರೆಗೂ ನಿಜಾಮನ ರಾಜ್ಯದಲ್ಲಿಯೇ ಉಳಿಯಿತು. ೧೯೫೩ರ ಅಕ್ಟೋಬರ್ ೧ರಂದು ಸಿರುಗುಪ್ಪವು ಬಳ್ಳಾರಿ ಮೊದಲಾದ ತಾಲೂಕುಗಳೊಡನೆ ಮೈಸೂರು ರಾಜ್ಯವನ್ನು ಸೇರಿತು. ಹೀಗೆ ಆಳುವವರು ಬದಲಾದರೂ ಈ ಸೀಮೆಯ ಮನೆಗಳಲ್ಲಿ ಬದಲಾಗದೆ ಉಳಿದ ಪ್ರಶ್ನೆಯೊಂದುಂಟು. ಮಗುವನ್ನು ಈ ವರ್ಷವೇ ಶಾಲೆಗೆ ಹಾಕಬೇಕೆ, ಅಥವಾ ಇನ್ನೊಂದು ವರ್ಷ ಮನೆಯಲ್ಲಿಯೇ ಇರಗೊಡಬೇಕೆ? ಇಂದು ಈ ಪ್ರಶ್ನೆಯನ್ನು ಸರಕಾರದ ಆದೇಶಗಳ ಮಾತಾಗಿ, ತಿಂಗಳುಗಳ ಎಣಿಕೆಯಾಗಿ ಕೇಳುತ್ತೇವೆ. ಆದರೆ ಇದಕ್ಕೆ ಎರಡು ಶತಮಾನಗಳ ಲಿಖಿತ ಚರಿತ್ರೆಯಿದ್ದು, ಅದರ ಮೊದಲ ಪುಟಗಳು ಬರೆಯಲ್ಪಟ್ಟದ್ದು ಬಳ್ಳಾರಿಯಲ್ಲಿಯೇ ಎಂಬುದು ಗಮನಾರ್ಹ.

ಶಾಸ್ತ್ರಗ್ರಂಥಗಳು ವಿದ್ಯಾರಂಭಕ್ಕೆ ಒಂದೇ ವಯಸ್ಸನ್ನು ಹೇಳಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚೌಲವಾದ ಮೇಲೆ ಲಿಪಿಯನ್ನೂ ಸಂಖ್ಯಾನವನ್ನೂ ಕಲಿಸಬೇಕೆಂದೂ, ಉಪನಯನಾನಂತರ ವೇದಾದಿ ವಿದ್ಯೆಗಳೆಂದೂ ವಿಧಿಯಿದೆ. ಧರ್ಮಶಾಸ್ತ್ರಗಳು ಬ್ರಾಹ್ಮಣ ವಟುವಿನ ಉಪನಯನಕ್ಕೆ ಎಂಟನೆಯ ವರ್ಷವನ್ನು ನಿಗದಿಮಾಡಿದವು. ಅಕ್ಷರಾಭ್ಯಾಸಕ್ಕೆ ಐದನೆಯ ವರ್ಷವೆಂಬ ಮಾತು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಮಧ್ಯಯುಗದ ನಿಬಂಧಕಾರರಲ್ಲಿ. ವೀರಶೈವರಲ್ಲಿ ಕ್ರಮವೇ ಬೇರೆ. ಅಲ್ಲಿ ಶಿಶು ಹುಟ್ಟಿದೊಡನೆಯೇ ಲಿಂಗಸಂಬಂಧಿಯಾಗುವುದರಿಂದ ಎಂಟನೆಯ ವರ್ಷವೆಂಬುದು ಅರ್ಹತೆಯ ಹೊಸ್ತಿಲಾಗಿ ನಿಲ್ಲುವುದಿಲ್ಲ. ಭೀಮಕವಿಯು ೧೩೬೯ರಲ್ಲಿ ಪೂರೈಸಿದ ಬಸವಪುರಾಣದಲ್ಲಿ ಬಾಲಬಸವಣ್ಣನು ಉಪನಯನವನ್ನು ನಿರಾಕರಿಸಿದ ಪ್ರಸಂಗವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ ಓದುಬರಹದ ಮಾತು ಬಂದಾಗ ಎಲ್ಲ ಮತದವರೂ ಹೆಚ್ಚುಕಡಿಮೆ ಐದನೆಯ ವರ್ಷಕ್ಕೇ ಬಂದು ನಿಂತರು. ಅದಕ್ಕೆ ಸಾಕ್ಷ್ಯ ಒದಗುವುದು ಶಾಸ್ತ್ರದಿಂದಲ್ಲ, ಒಬ್ಬ ಕಲೆಕ್ಟರನ ಪತ್ರದಿಂದ.

ಬಳ್ಳಾರಿ ಸೀಮೆಯನ್ನು ೧೮೦೦ರಿಂದ ೧೮೦೭ರವರೆಗೆ ಆಳಿ, ರೈತವಾರಿ ಪದ್ಧತಿಯನ್ನು ರೂಢಿಗೆ ತಂದ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರನಾದನು. ತನ್ನ ಆಡಳಿತದ ನಾಡಿನಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂಬುದೇ ಸರಕಾರಕ್ಕೆ ತಿಳಿಯದೆಂದು ಮನಗಂಡು, ೧೮೨೨ರ ಜೂನ್ ೨೫ರ ತನ್ನ ಟಿಪ್ಪಣಿಯ ಮೂಲಕ ಎಲ್ಲ ಜಿಲ್ಲೆಗಳಿಂದಲೂ ವರದಿ ತರಿಸಲು ತೊಡಗಿದನು. ಬಂದ ಉತ್ತರಗಳಲ್ಲಿ ಬಹುಪಾಲು ಅಂಕಿಗಳ ಕೋಷ್ಟಕಗಳು. ಆಗ ಬಳ್ಳಾರಿಯ ಕಲೆಕ್ಟರನಾಗಿದ್ದ ಎ.ಡಿ. ಕ್ಯಾಂಬೆಲ್ ಮಾತ್ರ ೧೮೨೩ರ ಆಗಸ್ಟ್ ೧೭ರಂದು ಬರೆದ ಉತ್ತರದಲ್ಲಿ ಶಾಲೆಯ ಒಳಗನ್ನೇ ಚಿತ್ರಿಸಿದನು. ತೆಲುಗಿಗೆ ವ್ಯಾಕರಣ ಬರೆದಿದ್ದ ಈತನಿಗೆ ದೇಶಭಾಷೆಗಳ ವಿಷಯದಲ್ಲಿ ಕುತೂಹಲವಿತ್ತು. ೧೯೮೩ರಲ್ಲಿ ಧರಂಪಾಲರು ಈ ಕಡತಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಈ ಪತ್ರವು ವಿದ್ವಾಂಸರ ನಡುವೆ ವಿಶೇಷವಾಗಿ ಪ್ರಚಾರಕ್ಕೆ ಬಂದಿತು.

ಕ್ಯಾಂಬೆಲ್ಲನ ಲೆಕ್ಕದಲ್ಲಿ ಜಿಲ್ಲೆಯ ಜನಸಂಖ್ಯೆ ೯,೨೭,೮೫೭. ಅನಂತಪುರವು ಪ್ರತ್ಯೇಕ ಜಿಲ್ಲೆಯಾದದ್ದು ೧೮೮೨ರಲ್ಲಿ. ಆದ್ದರಿಂದ ಇದು ತೆಲುಗು ಸೀಮೆಯನ್ನೂ ಒಳಗೊಂಡ ಸಂಖ್ಯೆ. ಶಾಲೆಗಳು ೫೩೩, ಓದುವ ಮಕ್ಕಳು ೬,೬೪೧. ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದು; ಉಳಿದ ೨೩ ಬ್ರಾಹ್ಮಣರ ಶಾಸ್ತ್ರಪಾಠದ ಶಾಲೆಗಳು. ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳಿದ್ದರು. ಮುಂದೆ ಜನರು ಕೂಲಿಮಠಗಳೆಂದೂ ಐಗಳ ಮಠಗಳೆಂದೂ ನೆನೆದ ಶಾಲೆಗಳು ಇಂಥವೇ. ಜಗಲಿಯ ಮೇಲೋ ಗುಡಿಯ ಪ್ರಾಕಾರದಲ್ಲಿಯೋ ಕೂಡುವ ಹನ್ನೆರಡು ಮಕ್ಕಳು, ಅವರ ಮನೆಗಳವರು ಕೊಟ್ಟದ್ದರಲ್ಲಿ ಬದುಕುವ ಒಬ್ಬ ಗುರು. ಈ ೫೩೩ರಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆಂದು ಕಲೆಕ್ಟರನೇ ಒಪ್ಪಿಕೊಂಡಿದ್ದಾನೆ.

ಮಗುವಿಗೆ ಐದು ವರ್ಷ ತುಂಬಿದಾಗ ಹಿಂದೂ ಮನೆಗಳಲ್ಲಿ ವಿದ್ಯಾರಂಭವಾಗುತ್ತಿದ್ದಿತೆಂದು ಕ್ಯಾಂಬೆಲ್ ಬರೆಯುತ್ತಾನೆ. ಮಗು ಶಾಲೆಗೆ ಹೋಗುವುದಕ್ಕೆ ಮುನ್ನ ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಗುರುವನ್ನೂ ಶಾಲೆಯ ಮಕ್ಕಳೆಲ್ಲರನ್ನೂ ತಂದೆತಾಯಿಗಳು ಮನೆಗೆ ಕರೆಯುವರು. ಗಣಪತಿಯ ಮೂರ್ತಿಯ ಸುತ್ತ ಎಲ್ಲರೂ ಕೂಡುವರು. ಹೊಸ ಮಗುವನ್ನು ಮೂರ್ತಿಗೆ ಇದಿರಾಗಿ ಕುಳ್ಳಿರಿಸಿ, ಗುರುವು ಪಕ್ಕದಲ್ಲಿ ಕುಳಿತು ಧೂಪನೈವೇದ್ಯಗಳನ್ನು ಅರ್ಪಿಸಿ, ಬುದ್ಧಿಯನ್ನು ಬೇಡುವ ಸ್ತುತಿಯನ್ನು ಹೇಳಿಸುವನು. ಆಮೇಲೆ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಸುವನು. ಮನೆಯವರು ಶಕ್ತ್ಯನುಸಾರ ಕಾಣಿಕೆ ಕೊಟ್ಟು ಗುರುವನ್ನು ಬೀಳ್ಕೊಡುವರು. ಪಾಠ ಆರಂಭವಾಗುವುದು ಮರುದಿನ ಬೆಳಿಗ್ಗೆ.

ಈ ವಿಧಾನದಲ್ಲಿ ಎದ್ದುಕಾಣುವ ಸಂಗತಿಯೆಂದರೆ ಎಲ್ಲ ಮಕ್ಕಳಿಗೂ ಸಮಾನವಾದ ಆರಂಭದ ದಿನವೊಂದು ಅಲ್ಲಿರಲಿಲ್ಲ. ಒಂದೊಂದು ಮಗುವೂ ತನ್ನ ವಯಸ್ಸು ತುಂಬಿದಾಗ, ತನ್ನ ಮನೆಗೆ ಒಪ್ಪಿದ ದಿನ ಒಳಬರುತ್ತಿತ್ತು. ಹಾಗೆ ಬಂದ ಮಗುವಿಗೆ ಪಾಠ ತಪ್ಪುತ್ತಿರಲಿಲ್ಲವೆ ಎಂದರೆ, ಶಾಲೆಯ ರಚನೆಯೇ ಅದಕ್ಕೆ ಉತ್ತರ. ಸಾಮಾನ್ಯವಾಗಿ ಶಾಲೆಯಲ್ಲಿ ನಾಲ್ಕು ವರ್ಗಗಳಿರುತ್ತಿದ್ದವು. ಮಗು ಒಂದರಿಂದ ಇನ್ನೊಂದಕ್ಕೆ ಏರುತ್ತಿದ್ದುದು ತನ್ನ ಶಕ್ತಿ ಮತ್ತು ಪ್ರಗತಿಗೆ ಅನುಗುಣವಾಗಿ, ವರ್ಷದ ಎಣಿಕೆಯಿಂದಲ್ಲ. ಕೆಳಗಿನ ವರ್ಗಗಳನ್ನು ಮುಂದುವರಿದ ಹುಡುಗರು ನೋಡಿಕೊಳ್ಳುವರು, ಮೇಲಿನವನ್ನು ಗುರುವೇ ನೋಡಿಕೊಳ್ಳುವನು. ಕಲಿತ ಮಗು ಕಲಿಯುವ ಮಗುವಿಗೆ ಹೇಳಿಕೊಡುತ್ತ ತನ್ನ ಪಾಠವನ್ನೂ ಗಟ್ಟಿಮಾಡಿಕೊಳ್ಳುವ ಈ ಕ್ರಮವನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ಯೋಗ್ಯವೇ ಆಗಿದೆಯೆಂದಿದ್ದಾನೆ. ಆಂಡ್ರೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯದಲ್ಲಿ ಇಂಥದೇ ಕ್ರಮವನ್ನು ನಡೆಸಿ, ೧೭೯೭ರಲ್ಲಿ ಅದನ್ನು ಕುರಿತು ಪುಸ್ತಕ ಬರೆದಿದ್ದನು. ಕ್ಯಾಂಬೆಲ್ಲನ ಮನಸ್ಸಿನಲ್ಲಿದ್ದುದು ಆ ಅನುಕರಣವೇ.

ಶಾಲೆ ತೆರೆಯುವ ಹೊತ್ತು ಬೆಳಗಿನ ಆರು ಗಂಟೆ. ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯದಕ್ಕೆ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯದಕ್ಕೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯದಕ್ಕೆ ಎರಡು, ಹೀಗೆ ಏರುತ್ತ ಹೋಗುವುದು. ಐದು ವರ್ಷದ ಮಕ್ಕಳಿಗೆ ಇದು ಒಳ್ಳೆಯದೆಂದು ಇಂದು ಯಾರೂ ಹೇಳಲಾರರು. ಹಳೆಯದೆಲ್ಲವೂ ಮಧುರವಾಗಿತ್ತೆಂದು ಭಾವಿಸುವವರು ಈ ಪೆಟ್ಟುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಅನಂತರ ಹಲಗೆ, ಇಲ್ಲವೆ ಕಡತ. ಹಲಗೆಯು ಒಂದು ಅಡಿ ಅಗಲ, ಮೂರು ಅಡಿ ಉದ್ದ. ನುಣುಪು ಮಾಡಿದ ಮರಕ್ಕೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದರೆ ಸಿದ್ಧ. ಕಡತವೆಂದರೆ ಗಂಜಿ ಹಾಕಿ ಬಿರುಸುಗೊಳಿಸಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳನ್ನು ಲೇಪಿಸಿದ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಅಳಿಸಬಹುದು. ಒತ್ತಕ್ಷರಗಳಾದ ಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು, ಆಮೇಲೆ ಲೆಕ್ಕ. ಕಾಲು, ಅದರ ಕಾಲುಭಾಗವಾದ ವೀಸ, ಹೀಗೆ ನಾಲ್ಕರ ಪ್ರಮಾಣದಲ್ಲಿ ಇಳಿಯುವ ಭಿನ್ನರಾಶಿಗಳನ್ನು ದಿನಕ್ಕೆರಡು ಸಲ ಮಕ್ಕಳು ಸಾಲಾಗಿ ನಿಂತು ಒಕ್ಕೊರಲಿನಿಂದ ಹೇಳಬೇಕಾಗಿತ್ತು. ಹೊಸದಾಗಿ ಬಂದ ಮಗು ಅರ್ಥ ತಿಳಿಯುವ ಮೊದಲೇ ಆ ದನಿಯೊಳಗೆ ದನಿಗೂಡಿಸಬಹುದಾಗಿತ್ತು. ಮುಂದಿನ ಹಂತ ಕಾಗದಪತ್ರಗಳನ್ನು ಓದುವುದು, ಕರಾರು ಬರೆಯುವುದು, ಪದ್ಯಗಳನ್ನು ಬಾಯಿಪಾಠ ಮಾಡುವುದು.

ಆ ಪದ್ಯಗ್ರಂಥಗಳ ಪಟ್ಟಿಯು ಸಾಹಿತ್ಯ ವಿದ್ಯಾರ್ಥಿಗಳಿಗೆ ಆಸಕ್ತಿಕರವಾದದ್ದು. ರಾಮಾಯಣ, ಮಹಾಭಾರತ, ಭಾಗವತಗಳನ್ನು ಎಲ್ಲ ಜಾತಿಯ ಮಕ್ಕಳೂ ಓದುತ್ತಿದ್ದರು. ಇವುಗಳ ಜೊತೆಗೆ ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಕೃತಿಗಳನ್ನು ಕ್ಯಾಂಬೆಲ್ ಬೇರೆಯಾಗಿ ಹೆಸರಿಸಿದ್ದಾನೆ. ಅವನ ಕಾಗುಣಿತ ವಿಚಿತ್ರವಾಗಿದ್ದರೂ ರಾಘವಾಂಕಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಗುರುತಿಸಲು ಕಷ್ಟವಿಲ್ಲ. 'ಬುವಪುರಾಣ'ವೆಂದು ಅಚ್ಚಾಗಿರುವುದು ಬಸವಪುರಾಣವೇ ಇರಬೇಕು. 'ಅನುಭವಮೂರ್ತ'ವು ಮಹಲಿಂಗರಂಗನ ಅನುಭವಾಮೃತವಾಗಿದ್ದರೆ, ಅದ್ವೈತಪರವಾದ ಆ ಗ್ರಂಥವು ಲಿಂಗಧಾರಿಗಳ ಮಕ್ಕಳ ಕೈಯಲ್ಲಿದ್ದುದು ಪಾಠಶಾಲೆಯ ಔದಾರ್ಯಕ್ಕೆ ನಿದರ್ಶನವಾಗುತ್ತದೆ. ಹರಿಹರನ ಚಂಪೂಕಾವ್ಯವನ್ನು ಹತ್ತು ವರ್ಷದ ಬಾಲಕನು ಎಷ್ಟು ಅರ್ಥಮಾಡಿಕೊಂಡಾನು ಎಂಬ ಸಂದೇಹ ಸಹಜ. ಕ್ಯಾಂಬೆಲ್ಲನೂ ಇದನ್ನೇ ಆಕ್ಷೇಪಿಸಿದ್ದಾನೆ. ಪದ್ಯದ ಭಾಷೆ ಆಡುನುಡಿಗಿಂತ ದೂರವಾದುದರಿಂದ ಮಕ್ಕಳು ಗಿಳಿಗಳಂತೆ ಒಪ್ಪಿಸುತ್ತಾರೆಂಬುದು ಅವನ ದೂರು. ಅದರಲ್ಲಿ ಸತ್ಯಾಂಶವುಂಟು. ಆದರೆ ಬಾಲ್ಯದಲ್ಲಿ ಬಾಯಿಗೆ ಬಂದ ಷಟ್ಪದಿಯು ಪುರಾಣಶ್ರವಣದ ಸಭೆಗಳಲ್ಲಿ ಪ್ರಾಯದ ಕಾಲಕ್ಕೆ ಅರ್ಥವಾಗಿ ಅರಳುತ್ತಿದ್ದುದನ್ನು ಆ ವಿದೇಶೀಯ ಅಧಿಕಾರಿಯು ಕಂಡಿರಲಾರ.

ಹಾಗಾದರೆ ಐದನೆಯ ವರ್ಷವೇ ಏಕೆ? ಸಂಪ್ರದಾಯವೆಂಬುದು ಒಂದು ಉತ್ತರ. ಇನ್ನೊಂದು ಉತ್ತರ ಅದೇ ಪತ್ರದ ಬೇರೊಂದು ಭಾಗದಲ್ಲಿದೆ. ಕೆಲವು ಮಕ್ಕಳು ಐದೇ ವರ್ಷ ಓದುತ್ತಿದ್ದರು. ಬಡತನವೇ ಮೊದಲಾದ ಕಾರಣಗಳಿಂದ ತಂದೆತಾಯಿಗಳು ಅವರನ್ನು ಬಿಡಿಸಬೇಕಾಗುತ್ತಿತ್ತು. ಅನುಕೂಲಸ್ಥರ ಮಕ್ಕಳು ಹದಿನಾಲ್ಕು ಹದಿನೈದು ವರ್ಷಗಳವರೆಗೂ ಓದು ಮುಂದುವರಿಸುತ್ತಿದ್ದರು. ಎಂದರೆ ಒಂದೇ ಜಗಲಿಯ ಮೇಲೆ ಐದು ವರ್ಷದ ಓದು ಮತ್ತು ಹದಿನೈದು ವರ್ಷದ ಓದು ಪಕ್ಕಪಕ್ಕದಲ್ಲಿ ಕುಳಿತಿದ್ದವು. ಈ ಇಬ್ಬರು ಮಕ್ಕಳೂ ಒಂದೊಂದು ವರ್ಷ ತಡವಾಗಿ ಬಂದರೆಂದು ಭಾವಿಸೋಣ. ಹದಿನೈದು ವರ್ಷ ಓದುವ ಮಗುವು ಕಳೆದುಕೊಳ್ಳುವುದು ಏನೂ ಇಲ್ಲ. ಕೊನೆಯಲ್ಲಿ ಒಂದು ವರ್ಷ ಹೆಚ್ಚು ಓದಿದರೆ ಸರಿಹೋಯಿತು. ಐದು ವರ್ಷದ ಮಗುವಿನ ಕೊನೆ ಮಾತ್ರ ಮುಂದಕ್ಕೆ ಸರಿಯುವಂಥದಲ್ಲ. ಮಧ್ಯಮ ಮತ್ತು ಕೆಳವರ್ಗದ ಮನೆಗಳಲ್ಲಿ ಮಕ್ಕಳ ಎಳೆಯ ಅವಯವಗಳು ಅತ್ಯಲ್ಪ ಕೆಲಸಕ್ಕೆ ಒದಗಿದೊಡನೆಯೇ ಅವರ ನೆರವು ಬೇಕಾಗುತ್ತದೆಂದು ಕ್ಯಾಂಬೆಲ್ ಬರೆದಿದ್ದಾನೆ. ಅಂಥ ಮಗುವಿಗೆ ಒಂದು ವರ್ಷದ ವಿಳಂಬವೆಂದರೆ ಒಟ್ಟು ಓದಿನ ಐದನೆಯ ಒಂದು ಭಾಗ ಹೋದಂತೆ.

ಮನ್ರೋ ಕೂಡ ಇದನ್ನು ಬಲ್ಲವನಾಗಿದ್ದನು. ೧೮೨೬ರ ಮಾರ್ಚ್ ೧೦ರ ಟಿಪ್ಪಣಿಯಲ್ಲಿ ಅವನು ಓದಿನ ಅವಧಿಯನ್ನು ಐದರಿಂದ ಹತ್ತು ವರ್ಷವೆಂದು ಹಿಡಿಯುತ್ತಾನೆ. ಹನ್ನೆರಡು ಹದಿನಾಲ್ಕರವರೆಗೆ ಓದುವವರು ಅನೇಕರಿದ್ದರೂ ಹತ್ತಕ್ಕೆ ಮುನ್ನವೇ ಬಿಡುವವರೂ ಅನೇಕರೆಂಬುದು ಅವನು ಕೊಡುವ ಕಾರಣ. ಆ ವಯಸ್ಸಿನ ಬಾಲಕರು ಪುರುಷಸಂಖ್ಯೆಯ ಒಂಬತ್ತನೆಯ ಒಂದು ಭಾಗವೆಂದು ಎಣಿಸಿ, ಮದರಾಸು ಆಧಿಪತ್ಯದಲ್ಲಿ ೭,೧೩,೦೦೦ ಬಾಲಕರಿರಬೇಕಾದಲ್ಲಿ ಓದುತ್ತಿರುವವರು ೧,೮೪,೧೧೦, ಎಂದರೆ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಎಂದು ಕಂಡುಕೊಂಡನು. ಇದೇ ಗಣಿತವನ್ನು ಬಳ್ಳಾರಿಗೆ ಅನ್ವಯಿಸಿದರೆ, ಆ ವಯಸ್ಸಿನ ಸುಮಾರು ೫೧,೫೦೦ ಬಾಲಕರಲ್ಲಿ ಶಾಲೆಯಲ್ಲಿದ್ದವರು ೬,೫೮೧. ಎಂಟರಲ್ಲಿ ಒಬ್ಬನಿಗೂ ತುಸು ಹೆಚ್ಚು. ಮನೆಯಲ್ಲಿ ಕಲಿಯುತ್ತಿದ್ದವರು ಈ ಲೆಕ್ಕಕ್ಕೆ ಸಿಕ್ಕಿಲ್ಲವೆಂಬುದು ನಿಜ. ಆದರೂ ಇಡೀ ಆಧಿಪತ್ಯದ ಪ್ರಮಾಣದ ಅರ್ಧಕ್ಕೂ ಬಳ್ಳಾರಿ ಇಳಿದಿತ್ತು. ಕ್ಯಾಂಬೆಲ್ ಇದಕ್ಕೆ ಕೊಟ್ಟ ಕಾರಣ ನಾಡಿನ ಬಡತನ. ಇಂಗ್ಲೆಂಡಿನ ಬಟ್ಟೆಯು ಇಲ್ಲಿನ ಹತ್ತಿಬಟ್ಟೆಯನ್ನು ಹೊರದೂಡಿದ್ದರಿಂದ ಕೈಕಸಬಿನವರ ಸಂಪಾದನೆ ಕುಗ್ಗಿತೆಂದೂ, ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲವೆಂದೂ ಅವನು ಮುಚ್ಚುಮರೆಯಿಲ್ಲದೆ ಬರೆದನು. ೬,೬೪೧ ಮಕ್ಕಳಲ್ಲಿ ಬಾಲಕಿಯರು ೬೦ ಮಂದಿ ಮಾತ್ರ. ಉಳಿದ ಹೆಣ್ಣುಮಕ್ಕಳ ವಿಷಯದಲ್ಲಿ ಬೇಗವೆ ತಡವೆ ಎಂಬ ಪ್ರಶ್ನೆಯೇ ಹುಟ್ಟಿರಲಿಲ್ಲ.

೧೮೫೪ರ ಶಿಕ್ಷಣ ಆಜ್ಞಾಪತ್ರದ ತರುವಾಯ ಸರಕಾರದ ಇಲಾಖೆ, ಇನ್ಸ್‌ಪೆಕ್ಟರರು, ಪರೀಕ್ಷೆಯ ಫಲವನ್ನು ನೋಡಿ ಹಣ ಕೊಡುವ ಪದ್ಧತಿ, ವರ್ಷಕ್ಕೊಂದು ತರಗತಿ ಇವೆಲ್ಲ ಕ್ರಮೇಣ ಬಂದವು. ಜಗಲಿಯ ನಾಲ್ಕು ವರ್ಗಗಳು ಮರೆಯಾದವು. ಒಂದು ತರಗತಿಯ ಎಲ್ಲ ಮಕ್ಕಳೂ ಒಂದೇ ದಿನ ಆರಂಭಿಸಿ ಒಂದೇ ದಿನ ಮುಗಿಸಬೇಕೆಂದಾದಾಗ ಆರಂಭದ ವಯಸ್ಸಿಗೆ ಹಿಂದೆಂದೂ ಇಲ್ಲದ ಬಿಗಿ ಬಂದಿತು. ಆದರೆ ಹಳ್ಳಿಯಲ್ಲಿ ಹುಟ್ಟಿದ ದಿನವನ್ನು ಬರೆದಿಟ್ಟವರು ಯಾರು? ಉಪಾಧ್ಯಾಯರು ತಮ್ಮದೇ ಉಪಾಯ ಕಂಡುಕೊಂಡರು. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಿದರೆ ಶಾಲೆಗೆ ಬಂದಿತು. ಮುಟ್ಟದಿದ್ದರೆ ಬರುವ ವರ್ಷ. ಕನ್ನಡನಾಡಿನ ಹಿರಿಯರಲ್ಲಿ ಈ ಪರೀಕ್ಷೆಯನ್ನು ಕೊಟ್ಟು ಬಂದವರು ಇಂದಿಗೂ ಅನೇಕರಿದ್ದಾರೆ. ಎಳೆಯ ಮಗುವಿನಲ್ಲಿ ತಲೆಯ ಗಾತ್ರಕ್ಕೆ ಹೋಲಿಸಿದರೆ ತೋಳು ಗಿಡ್ಡ. ಆರೇಳು ವರ್ಷಗಳ ಹೊತ್ತಿಗೆ ತೋಳು ಬೆಳೆದು ಕಿವಿಗೆ ಎಟಕುತ್ತದೆ. ನಗೆಪಾಟಲೆನಿಸಿದರೂ ಆ ಪರೀಕ್ಷೆಯು ಪಂಚಾಂಗವನ್ನು ಬಿಟ್ಟು ಮಗುವಿನ ಬೆಳವಣಿಗೆಯನ್ನು ಅಳೆಯುತ್ತಿತ್ತು. ಅದರಲ್ಲಿ ಗೆದ್ದ ಮಗುವಿಗೆ ಮೇಷ್ಟರು ಒಂದು ಜನ್ಮದಿನವನ್ನೂ ದಯಪಾಲಿಸುತ್ತಿದ್ದರು. ಜೂನ್ ೧ರಂದು ಹುಟ್ಟಿದವರು ನಮ್ಮ ನಾಡಿನಲ್ಲಿ ಇಷ್ಟೊಂದು ಮಂದಿ ಇರುವುದಕ್ಕೆ ಬೇರೆ ಕಾರಣವಿಲ್ಲ. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯ ಅನಂತರ ಪ್ರಮಾಣಪತ್ರಗಳು ಬಳಕೆಗೆ ಬಂದಂತೆ ಕಿವಿ ಮುಟ್ಟುವ ಪರೀಕ್ಷೆ ಹಿಂದೆ ಸರಿಯಿತು.

ಐದು ಹೋಗಿ ಆರು ಬಂದದ್ದು ಕಾಯಿದೆಯ ದಾರಿಯಿಂದ. ೧೮೭೦ರ ಕಾಯಿದೆಯಲ್ಲಿ ಇಂಗ್ಲೆಂಡು ಐದನೆಯ ವರ್ಷವನ್ನೇ ಹಿಡಿದಿತ್ತು. ಫಿನ್ಲೆಂಡಿನಲ್ಲಿ ಏಳನೆಯ ವರ್ಷ. ಗೋಪಾಲಕೃಷ್ಣ ಗೋಖಲೆಯವರು ೧೯೧೧ರಲ್ಲಿ ಮಂಡಿಸಿದ ಮಸೂದೆಯು ಆರರಿಂದ ಹತ್ತು ವರ್ಷದ ಬಾಲಕರ ಶಿಕ್ಷಣವನ್ನು ಕಡ್ಡಾಯಗೊಳಿಸಬಯಸಿ, ಮರುವರ್ಷ ಸೋತಿತು. ಸಂವಿಧಾನದ ೨೦೦೨ರ ತಿದ್ದುಪಡಿಯು ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು; ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಆರಕ್ಕೆ ಮುಂಚಿನ ವರ್ಷಗಳು ಅಂಗನವಾಡಿಯ ಪಾಲಾದವು. ೧೯೭೫ರ ಅಕ್ಟೋಬರ್ ೨ರಂದು ಈ ಯೋಜನೆಯು ದೇಶದ ೩೩ ಕಡೆಗಳಲ್ಲಿ ಆರಂಭವಾದಾಗ ನಮ್ಮ ಟಿ. ನರಸೀಪುರವೂ ಅವುಗಳಲ್ಲೊಂದಾಗಿತ್ತು.

ಕರ್ನಾಟಕದಲ್ಲಿ ಐದು ವರ್ಷ ಐದು ತಿಂಗಳು ತುಂಬಿದ ಮಗು ಒಂದನೆಯ ತರಗತಿಗೆ ಸೇರಬಹುದಾಗಿತ್ತು. ೨೦೨೨ರ ಜುಲೈ ತಿಂಗಳಿನ ಆದೇಶವು ಜೂನ್ ೧ಕ್ಕೆ ಆರು ವರ್ಷ ತುಂಬಿರಲೇಬೇಕೆಂದಿತು. ಪೋಷಕರ ಆಕ್ಷೇಪಣೆಯಿಂದಾಗಿ ಅದೇ ವರ್ಷದ ನವೆಂಬರಿನಲ್ಲಿ ಅದರ ಜಾರಿಯನ್ನು ೨೦೨೫-೨೬ಕ್ಕೆ ಮುಂದೂಡಲಾಯಿತು. ಆ ಗಡುವು ಬಂದಾಗ, ೨೦೨೫ರ ಏಪ್ರಿಲಿನಲ್ಲಿ, ಪೂರ್ವಪ್ರಾಥಮಿಕ ತರಗತಿಗಳನ್ನು ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳ ರಿಯಾಯಿತಿ ಕೊಟ್ಟು, ೨೦೨೬-೨೭ರಿಂದ ಆರು ವರ್ಷವೇ ನಿಯಮವೆಂದು ಸರಕಾರ ಪ್ರಕಟಿಸಿತು.

ಈ ವಾದವಿವಾದದಲ್ಲಿ ಹೆಚ್ಚಾಗಿ ಕೇಳಿಬಂದದ್ದು ಪೇಟೆಯ ಮನೆಗಳ ಧ್ವನಿ. ಮೂರನೆಯ ವರ್ಷದಲ್ಲಿಯೇ ಶುಲ್ಕ ಕೊಟ್ಟು ಸೇರಿಸಿದ ಮಗು ಯುಕೆಜಿಯಲ್ಲಿಯೇ ಮತ್ತೊಂದು ವರ್ಷ ಕೂರಬೇಕೆ ಎಂಬುದು ಅವರ ಅಳಲು. ಅದು ನ್ಯಾಯವಾದ ಅಳಲೇ. ಆದರೆ ಅಂಥ ಮಗುವು ಕ್ಯಾಂಬೆಲ್ಲನ ಹದಿನೈದು ವರ್ಷದ ವಿದ್ಯಾರ್ಥಿಯ ವಂಶದ್ದು. ಎಳೆಯ ಮಗುವನ್ನು ಅವಸರದಿಂದ ಬರಹಕ್ಕೆ ಹಚ್ಚುವುದಕ್ಕಿಂತ ಆರು ತುಂಬುವವರೆಗೆ ಕಾಯುವುದೇ ಅದಕ್ಕೆ ಹಿತ. ಹಾಗೆ ಕಾದರೆ ಅದು ಕಳೆದುಕೊಳ್ಳುವುದು ಬಹಳವಿಲ್ಲ. ಕೆಂಚನಗುಡ್ಡದಂಥ ಊರಿನಲ್ಲಿ, ನಾಟಿ ಕೊಯ್ಲುಗಳ ಕೂಲಿಯಿಂದ ನಡೆಯುವ ಮನೆಯ ಮಗುವಿನ ಲೆಕ್ಕ ಬೇರೆ. ಜೂನ್ ೨ರಂದು ಹುಟ್ಟಿದ ಮಗುವು ಒಂದು ದಿನದ ಕೊರತೆಯಿಂದ ಇಡೀ ವರ್ಷ ಕಾಯುತ್ತದೆ. ಅಂಗನವಾಡಿಯಲ್ಲಿ ಊಟದ ಜೊತೆಗೆ ಹಾಡು, ಕಥೆ, ಬಣ್ಣ, ಎಣಿಕೆಗಳೂ ದೊರೆಯುತ್ತಿದ್ದರೆ ಆ ವರ್ಷ ಮಗುವಿಗೆ ಲಾಭವೇ. ಅಲ್ಲಿ ಕಾಯುವುದಷ್ಟೇ ಕೆಲಸವಾದರೆ ತೊಂದರೆ ಕಾಣಿಸಿಕೊಳ್ಳುವುದು ಆರಂಭದಲ್ಲಲ್ಲ, ಕೊನೆಯಲ್ಲಿ. ಆರಕ್ಕೆ ಸೇರಿದ ಮಗು ಹದಿನಾಲ್ಕಕ್ಕೆ ಎಂಟನೆಯ ತರಗತಿಯನ್ನೂ ಹದಿನಾರಕ್ಕೆ ಹತ್ತನೆಯದನ್ನೂ ಮುಗಿಸುತ್ತದೆ. ಏಳರ ಹೊಸ್ತಿಲಿನಲ್ಲಿ ಸೇರಿದ ಮಗುವಿಗೆ ಹತ್ತನೆಯ ತರಗತಿ ಮುಗಿಯುವಾಗ ಹದಿನೇಳಾಗಿರುತ್ತದೆ. ಬಾಲಕಾರ್ಮಿಕ ಕಾಯಿದೆಯ ೨೦೧೬ರ ತಿದ್ದುಪಡಿಯು ಹದಿನಾಲ್ಕರವರೆಗೆ ದುಡಿಮೆಯನ್ನು ನಿಷೇಧಿಸುತ್ತದೆ, ಶಾಲೆಯ ಹೊತ್ತಿನ ಹೊರಗೆ ಮನೆಯ ಕಸುಬಿನಲ್ಲಿ ನೆರವಾಗುವುದನ್ನು ಬಿಟ್ಟು. ಹದಿನಾಲ್ಕರಿಂದ ಹದಿನೆಂಟರವರೆಗೆ ನಿಷೇಧವಿರುವುದು ಅಪಾಯದ ಕೆಲಸಗಳಿಗೆ ಮಾತ್ರ. ತಡವಾಗಿ ಸೇರಿದ ಮಗುವಿಗೆ ಹದಿನಾಲ್ಕು ತುಂಬಿದರೂ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಶುಲ್ಕವಿಲ್ಲದೆ ಓದುವ ಹಕ್ಕನ್ನು ೨೦೦೯ರ ಕಾಯಿದೆಯ ನಾಲ್ಕನೆಯ ಕಲಮು ಉಳಿಸಿಕೊಟ್ಟಿದೆ. ಆ ಹಕ್ಕು ಎಂಟನೆಯ ತರಗತಿಗೆ ಮುಗಿಯುತ್ತದೆ. ಅಲ್ಲಿಂದ ಹತ್ತನೆಯ ತರಗತಿಯವರೆಗಿನ ಎರಡು ವರ್ಷಗಳು, ಅತ್ತ ಗದ್ದೆಯ ಕೂಲಿಗೆ ಕೈ ಬಲಿತ ವರ್ಷಗಳೂ ಹೌದು.